ಮರದ ಮಸ್ಕಿಟೊ

ಬಾಲ್ಸಾ ಹಾಳೆಯೊಂದನ್ನು ಮೊದಲ ಸಲ ಕೈಗೆತ್ತಿಕೊಂಡವರು ಯಾರೇ ಆಗಲಿ, ಒಮ್ಮೆ ತೂಗಿ ನೋಡುತ್ತಾರೆ. ಕಣ್ಣು ಮರ ಅನ್ನುತ್ತದೆ, ಅಂಗೈ ನಂಬುವುದಿಲ್ಲ. ಒಂದು ಘನಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ ಅಷ್ಟೇ ಬಾಲ್ಸಾ 160ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮೂರು ದೊಡ್ಡಬೆಳವಂಗಲದ ಆಚಾರ್ರು ಆ ಹಾಳೆಯನ್ನು ಉಗುರಿನಿಂದ ಒತ್ತಿ, ಮೂಸಿ, ಬೆಳಕಿಗೆ ಹಿಡಿದು, "ಇದ್ರಲ್ಲಿ ಏನ್ ಮಾಡೋಕಾಯ್ತದೆ ಮೇಷ್ಟ್ರೆ? ಮಕ್ಕಳ ಆಟದ ಸಾಮಾನಿಗೂ ತಡೆಯಾಕಿಲ್ಲ" ಅಂದರು. ಇದೇ ಮರದಲ್ಲಿ ಒಂದು ಕಾಲಕ್ಕೆ ಬಾಂಬರ್ ವಿಮಾನ ಕಟ್ಟಿದ್ದರು, ಅದು ನಮ್ಮ ಯಲಹಂಕದಿಂದಲೇ ಹಾರಿತ್ತು ಎಂದೆ. ಆಚಾರ್ರು ಒಪ್ಪಲಿಲ್ಲ. ಅವರನ್ನು ಒಪ್ಪಿಸುವ ಹೊತ್ತಿಗೆ ಒಂದು ಮಳೆಗಾಲವೇ ಕಳೆಯಿತು.

ಆ ವಿಮಾನದ ಹೆಸರು ಡಿ ಹ್ಯಾವಿಲೆಂಡ್ ಮಸ್ಕಿಟೊ. ಎರಡನೇ ಮಹಾಯುದ್ಧದಲ್ಲಿ ಎಲ್ಲರೂ ಅಲ್ಯೂಮಿನಿಯಂಗೆ ಮುಗಿಬಿದ್ದಿದ್ದಾಗ ಇಂಗ್ಲೆಂಡಿನ ಈ ಕಂಪನಿ ಮರವೇ ಸಾಕು ಎಂದು ಹಟ ಹಿಡಿಯಿತು. 1940ರ ನವೆಂಬರ್ 25ರಂದು ಹ್ಯಾಟ್‌ಫೀಲ್ಡಿನಲ್ಲಿ ಅದು ಮೊದಲು ಹಾರಿತು. ಎರಡು ಮರ್ಲಿನ್ ಎಂಜಿನ್, ಒಳಗೆ ಇಬ್ಬರೇ ಜನ, ಮೈಯೆಲ್ಲ ಬರ್ಚ್ ಪ್ಲೈವುಡ್, ಎರಡು ಪ್ಲೈ ಪದರಗಳ ನಡುವೆ ಬಾಲ್ಸಾ. ಒಡಲನ್ನು ಕಡಲೆಕಾಯಿ ಸಿಪ್ಪೆಯ ಎರಡು ಹೋಳುಗಳಂತೆ ಎಡ ಬಲ ಬೇರೆಬೇರೆಯಾಗಿ ಅಚ್ಚಿನ ಮೇಲೆ ಕಟ್ಟಿ, ಒಳಗಿನ ತಂತಿ ಕೊಳವೆಗಳನ್ನೆಲ್ಲ ಜೋಡಿಸಿದ ಮೇಲೆ ಎರಡನ್ನೂ ಕೂಡಿಸುತ್ತಿದ್ದರು. ಒಟ್ಟು 7,781 ಮಸ್ಕಿಟೊಗಳು ತಯಾರಾದವು. ಕುರ್ಚಿ ಮೇಜು ಮಾಡುತ್ತಿದ್ದ ಕಾರ್ಖಾನೆಗಳು, ಪಿಯಾನೊ ಕಟ್ಟುತ್ತಿದ್ದ ಕುಶಲಿಗಳು ಅದರ ಭಾಗಗಳನ್ನು ಮಾಡಿಕೊಟ್ಟರು. ಯುದ್ಧದ ಕೆಲಸಕ್ಕೆ ಬಡಗಿಗಳನ್ನು ಕರೆದ ವಿಮಾನ ಅದು. ಈ ಮಾತಿಗೆ ಮಾತ್ರ ಆಚಾರ್ರ ಮುಖ ಅರಳಿತು.

ಕಿಟ್ ನನಗೆ ಬಂದದ್ದು ಸೋದರಮಾವನಿಂದ. ಅವರು ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು. ಎಂಬತ್ತರ ದಶಕದಲ್ಲಿ ಪರದೇಶಕ್ಕೆ ಹೋಗಿಬಂದ ಗೆಳೆಯರೊಬ್ಬರಿಂದ ತರಿಸಿಕೊಂಡಿದ್ದ ಪೆಟ್ಟಿಗೆ ಅದು. ಮುಚ್ಚಳ ತೆಗೆದು ನಕ್ಷೆ ಹರವಿ ನೋಡುವುದು, ಮತ್ತೆ ಮಡಿಸಿಡುವುದು. ಅವರು ಮಾಡಿದ್ದು ಅಷ್ಟೇ. ಸಂಸಾರ, ಮಕ್ಕಳ ಓದು, ಪಾಳಿ ಕೆಲಸ. ಅವರು ಹೋದ ಮೇಲೆ ಅತ್ತೆ ಆ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ನಿಮ್ಮ ಮಾವ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ, ನೀನು ಮೇಷ್ಟ್ರು, ನಿನಗೆ ಗೊತ್ತಾಗ್ತದೆ" ಅಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನಿಗೆ ವಿಮಾನವೂ ಗೊತ್ತಿರುತ್ತದೆ ಎಂಬ ಅವರ ನಂಬಿಕೆಯನ್ನು ಉಳಿಸಿಕೊಳ್ಳಬೇಕಿತ್ತು.

ಹಳೆಯ ಕಿಟ್ ಎಂದರೆ ಇಂದಿನವರು ಅಂದುಕೊಳ್ಳುವ ಹಾಗೆ ಬಿಡಿಭಾಗಗಳ ಪೆಟ್ಟಿಗೆಯಲ್ಲ. ಈಗಿನ ಕಿಟ್‌ಗಳಲ್ಲಿ ಲೇಸರ್ ಕತ್ತರಿಸಿದ ತುಂಡುಗಳು ಹಾಳೆಯಿಂದ ತಾವೇ ಬಿಡಿಸಿಕೊಳ್ಳುತ್ತವೆ, ಥರ್ಮಕೋಲ್ ಜಾತಿಯ ವಿಮಾನಗಳಂತೂ ಸಂಜೆಯೊಳಗೆ ಹಾರಲು ತಯಾರು. ಆ ಕಾಲದ ಕಿಟ್‌ನಲ್ಲಿ ಅಚ್ಚಿನಿಂದ ಒತ್ತಿದ ಹಾಳೆಗಳಿರುತ್ತಿದ್ದವು. ಅಚ್ಚು ಮೊಂಡಾಗಿದ್ದರೆ ಮರ ಕತ್ತರಿಸುವುದಕ್ಕಿಂತ ಜಜ್ಜಿಹೋಗುತ್ತಿತ್ತು. ಉಳಿದದ್ದು ಮರದ ಪಟ್ಟಿಗಳು, ಒಂದು ದೊಡ್ಡ ನಕ್ಷೆ, ಕಾಕ್‌ಪಿಟ್ಟಿಗೆ ಒಂದು ಪ್ಲಾಸ್ಟಿಕ್ ಗುಮ್ಮಟ. ನಮ್ಮ ಪೆಟ್ಟಿಗೆಯಲ್ಲಿ ಗುಮ್ಮಟ ಹಳದಿಯಾಗಿತ್ತು, ಅಂಟಿಸುವ ಚಿತ್ರಗಳು ನೀರಿಗೆ ಹಾಕಿದ ಕೂಡಲೇ ಚೂರುಚೂರಾದವು, ನಕ್ಷೆಯ ಮಡಿಕೆಗಳು ಬೆರಳು ತಾಕಿದರೆ ಬಿರುಕು ಬಿಡುತ್ತಿದ್ದವು. ಬಾಲ್ಸಾ ಮಾತ್ರ ಸೊಗಸಾಗಿ ಹದಗೊಂಡಿತ್ತು. ನಾಲ್ಕು ದಶಕ ಬೀರುವಿನ ಮೇಲೆ ಒಣಗಿದ ಮರ ಇನ್ನು ಕುಗ್ಗುವುದಿಲ್ಲ, ಬಾಗುವುದಿಲ್ಲ. ನಿಜವಾದ ಮಸ್ಕಿಟೊದ ರೆಕ್ಕೆಯ ಹರವು 54 ಅಡಿ 2 ಅಂಗುಲ. ನಮ್ಮದು ಹತ್ತರಲ್ಲೊಂದು ಪಾಲು, 65 ಅಂಗುಲ. ಕೈ ಚಾಚಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಹೋಗುತ್ತದೆ.

ಕಟ್ಟುವ ಕ್ರಮ ಹೀಗೆ. ನಕ್ಷೆಯನ್ನು ಸಮನಾದ ಹಲಗೆಯ ಮೇಲೆ ಹರವಿ, ಅಂಟು ಕಾಗದಕ್ಕೆ ಹಿಡಿಯದಂತೆ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ರೆಕ್ಕೆಯ ಉದ್ದಕ್ಕೆ ಓಡುವ ತೊಲೆಗಳನ್ನು ಗುಂಡುಸೂಜಿಯಿಂದ ನಕ್ಷೆಯ ಗೆರೆಯ ಮೇಲೇ ನಿಲ್ಲಿಸಿ, ಅಡ್ಡಕ್ಕೆ ಪಕ್ಕೆಲುಬುಗಳನ್ನು ಒಂದೊಂದಾಗಿ ಕೂರಿಸುತ್ತ ಹೋಗಬೇಕು. ಪ್ರತಿ ಪಕ್ಕೆಲುಬಿಗೂ ಮೇಲೆ ಕೆಳಗೆ ಕಚ್ಚು. ತೊಲೆ ಆ ಕಚ್ಚಿನಲ್ಲಿ ಕೂರಬೇಕು. ಬಿಗಿಯಾದರೆ ಪಕ್ಕೆಲುಬು ಸೀಳುತ್ತದೆ, ಸಡಿಲವಾದರೆ ಸಂದಿ ಉಳಿಯುತ್ತದೆ. ಇಲ್ಲಿ ಆಚಾರ್ರು ತಮ್ಮ ಶಾಸ್ತ್ರ ತೆಗೆದರು. ನಾನು ಫೆವಿಕಾಲ್ ಡಬ್ಬಿಗೆ ಕೈ ಹಾಕಿದರೆ ಅವರು ತಡೆಯುತ್ತಿದ್ದರು. "ಮೊದಲು ಅಂಟಿಲ್ದೆ ನಿಲ್ಲಲಿ ಮೇಷ್ಟ್ರೆ. ಕಚ್ಚು ಕೂತ್ರೆ ಅಂಟು ಹೆಸರಿಗೆ ಸಾಕು. ಕೂರಲಿಲ್ಲ ಅಂದ್ರೆ ಡಬ್ಬಿ ಸುರಿದ್ರೂ ಅಷ್ಟೆ." ಬಾಗಿಲ ಚೌಕಟ್ಟು, ಎತ್ತಿನಗಾಡಿಯ ನೊಗ ಮಾಡುತ್ತ ಬಂದ ಕೈ ಅದು. ಮೂರು ಮಿಲಿಮೀಟರಿನ ಕಚ್ಚನ್ನು ಮರಳು ಕಾಗದದ ಒಂದೇ ಎಳೆತದಲ್ಲಿ ಹದಕ್ಕೆ ತರುತ್ತಿತ್ತು.

ಅವರ ಈ ಮಾತು ಕೇಳಿಯೇ ನಾನು 1944ರ ಕಥೆ ಹೇಳಲು ಕೂತದ್ದು. ಬರ್ಮಾದ ಯುದ್ಧಕ್ಕಾಗಿ ಬ್ರಿಟಿಷ್ ವಾಯುಪಡೆ ಮಸ್ಕಿಟೊಗಳನ್ನು ಇಂಡಿಯಾಕ್ಕೆ ತಂದಾಗ, ಅವನ್ನು ಹಾರಿಸಲು ಕಲಿತ ನೆಲೆಗಳಲ್ಲಿ ಯಲಹಂಕವೂ ಒಂದು. 45ನೇ ಸ್ಕ್ವಾಡ್ರನ್ 1944ರ ಆರಂಭದಲ್ಲಿ ಅಲ್ಲೇ ತನ್ನ ಹಳೆಯ ವೆಂಜೆನ್ಸ್ ವಿಮಾನಗಳನ್ನು ಬಿಟ್ಟು ಮಸ್ಕಿಟೊಕ್ಕೆ ಹೊಂದಿಕೊಂಡಿತು. 47ನೇ ಸ್ಕ್ವಾಡ್ರನ್ ಅದೇ ವರ್ಷ ಅಕ್ಟೋಬರಿನಲ್ಲಿ ಬಂತು. ನಮ್ಮೂರಿಗೂ ಆ ನೆಲೆಗೂ ನಡುವೆ ನೇರ ಗೆರೆ ಎಳೆದರೆ 25 ಕಿಲೋಮೀಟರ್ ಆಸುಪಾಸು. ನಮ್ಮ ಅಜ್ಜಂದಿರು ರಾಗಿ ಕಳೆ ತೆಗೆಯುವಾಗ ತಲೆಯ ಮೇಲೆ ಹಾದದ್ದರಲ್ಲಿ ಈ ಮರದ ವಿಮಾನಗಳೂ ಇದ್ದಿರಲೇಬೇಕು ಎಂದು ನನ್ನ ಮನಸ್ಸು ಹೇಳುತ್ತದೆ.

ಆದರೆ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಇಂಡಿಯಾದಲ್ಲಿದ್ದ ಮಸ್ಕಿಟೊಗಳಲ್ಲಿ ಕೆಲವು ಗಾಳಿಯಲ್ಲೇ ಮುರಿದವು. ರೆಕ್ಕೆಯ ಮೇಲುಹೊದಿಕೆ ತೊಲೆಯಿಂದ ಬಿಟ್ಟುಕೊಂಡಿತ್ತು. ನವೆಂಬರಿನಲ್ಲಿ ಈ ಕಡೆಯ ಮಸ್ಕಿಟೊಗಳನ್ನು ನೆಲಕ್ಕೆ ಕೂರಿಸಿ ಒಂದೊಂದನ್ನೂ ತಪಾಸಣೆ ಮಾಡಿದರು. 47ನೇ ಸ್ಕ್ವಾಡ್ರನ್ ತನ್ನ ಹಳೆಯ ಬ್ಯೂಫೈಟರ್‌ಗಳಿಗೆ ಮರಳಬೇಕಾಯಿತು. ಕಾರಣ ಹುಡುಕಲು ಕಂಪನಿಯ ಸ್ಥಾಪಕ ಜೆಫ್ರಿ ಡಿ ಹ್ಯಾವಿಲೆಂಡರ ತಮ್ಮ ಹೆರೆವರ್ಡ್ ಡಿ ಹ್ಯಾವಿಲೆಂಡರೇ ತಂಡ ಕಟ್ಟಿಕೊಂಡು ಇಂಡಿಯಾಕ್ಕೆ ಬಂದರು. ಮೊದಮೊದಲ ಮಸ್ಕಿಟೊಗಳಿಗೆ ಬಳಸಿದ್ದು ಕೇಸೀನ್ ಅಂಟು, ಎಂದರೆ ಹಾಲಿನಿಂದ ತೆಗೆದದ್ದು. ತೇವ ಹಿಡಿದರೆ ಅದಕ್ಕೆ ಬೂಷ್ಟು ಬರುತ್ತಿತ್ತು. ಆಮೇಲೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬಂತು. ಮಳೆಯ ತೇವ, ಬಿಸಿಲಿನ ಕಾವು ಎರಡನ್ನೂ ದೂರಿದವರಿದ್ದರು. ಆಮೇಲಿನ ತನಿಖೆಗಳು ಬೊಟ್ಟು ಮಾಡಿದ್ದು ಇನ್ನೊಂದಕ್ಕೆ. ಮರದ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂತಿರಲಿಲ್ಲ, ಸಂದಿಯನ್ನು ಅಂಟಿನಿಂದ ತುಂಬಿದ್ದರು. ಕಾವು ತಗ್ಗಿಸಲು ಆಮೇಲೆ ಈ ಕಡೆಯ ಮಸ್ಕಿಟೊಗಳಿಗೆ ಬೆಳ್ಳಿಬಣ್ಣ ಬಳಿದರು.

ಆಚಾರ್ರು ಕೈಲಿದ್ದ ಪಕ್ಕೆಲುಬನ್ನು ಕೆಳಗಿಟ್ಟರು. "ಅದೇ ನಾನು ಹೇಳಿದ್ದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗರು ಪಾಪ" ಎಂದರು. ಯಾವುದೋ ದೇಶದಿಂದ ಬಂದು, ಯಾರದೋ ಸಡಿಲ ಕೆಲಸಕ್ಕೆ ಪ್ರಾಣ ಕೊಟ್ಟ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರನ್ನು ನೆನೆದು ಒಬ್ಬ ಬಡಗಿ ಆಡಿದ ಮಾತು. ಅಂದಿನಿಂದ ಅವರು ನಮ್ಮ ಜಗಲಿಗೆ ದಿನಾ ಬರತೊಡಗಿದರು, ಕರೆಯದೆಯೇ.

ಯುದ್ಧವಿಮಾನದ ಮಾದರಿಯನ್ನೇ ಏಕೆ ಕಟ್ಟಬೇಕು, ಬೇರೆ ವಿಮಾನ ಇರಲಿಲ್ಲವೇ ಎಂದು ಊರಲ್ಲಿ ಒಬ್ಬರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಮಸ್ಕಿಟೊ ಬಾಂಬು ಹೊತ್ತು ಹೋಗಿ ಊರುಗಳನ್ನು ಸುಟ್ಟದ್ದು ನಿಜ, ಬರ್ಮಾದ ಸೇತುವೆ ರೈಲುಗಳ ಜೊತೆ ಜನವೂ ಸತ್ತದ್ದು ನಿಜ. ಅದನ್ನು ಮರೆತು ಅದರ ಚೆಲುವನ್ನು ಹೊಗಳಲು ನನ್ನಿಂದಾಗದು. ಆದರೆ ಅದೇ ವಿಮಾನದ ನಕ್ಷೆ ಹರವಿ, ಅದರ ಒಂದೊಂದು ಎಲುಬನ್ನೂ ಕೈಯಾರೆ ಕೂರಿಸುವಾಗ, ಅದರ ಒಳಗೆ ಕುಳಿತವರನ್ನೂ ಅದರ ಕೆಳಗೆ ಇದ್ದವರನ್ನೂ ಪುಸ್ತಕ ಓದುವಾಗಿನದಕ್ಕಿಂತ ಹತ್ತಿರದಿಂದ ಕಂಡಿದ್ದೇನೆ. ನಮ್ಮ ನೆಲದ ಈ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಬೇರೆ ಹೇಗೆ ಕಾಣಿಸುವುದೋ ನನಗೆ ತೋಚದು.

ಇನ್ನು ಹೊದಿಕೆ. ಇಂದಿನವರು ಇಸ್ತ್ರಿಪೆಟ್ಟಿಗೆಯಿಂದ ಬಿಗಿಯುವ ಪ್ಲಾಸ್ಟಿಕ್ ಫಿಲ್ಮ್ ಬಳಸುತ್ತಾರೆ. ಹಿಂದಿನವರು ರೇಷ್ಮೆ ಬಳಸುತ್ತಿದ್ದರು. ನಿಜವಾದ ಮಸ್ಕಿಟೊದ ಪ್ಲೈವುಡ್ ಮೇಲೆ ಹೊದಿಸಿದ್ದ ಹತ್ತಿಬಟ್ಟೆಯ ಹೆಸರು ಮಾಡಪೊಲ್ಲಂ, ಗೋದಾವರಿ ತೀರದ ನರಸಾಪುರದ ಬಳಿಯ ಊರಿನಿಂದ ಬಂದದ್ದು. ಆಂಧ್ರದ ಬಟ್ಟೆಯ ಹೆಸರು ಹೊತ್ತ ವಿಮಾನಕ್ಕೆ ದೊಡ್ಡಬಳ್ಳಾಪುರದ ಬಟ್ಟೆ ಹೊದಿಸುವುದು ಸರಿಯೆನಿಸಿತು. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಬೀದಿಗೆ ಬೀದಿಯೇ ಪವರ್‌ಲೂಮಿನ ಸದ್ದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗ್ಗ ಇಟ್ಟಿದ್ದಾನೆ. "ಸಾರ್, ಸೀರೆ ಅಂಚಿಗಲ್ಲದೆ ವಿಮಾನಕ್ಕೆ ಬಟ್ಟೆ ಕೇಳಿದೋರು ನೀವೇ ಮೊದಲು" ಎಂದು, ಬಣ್ಣ ಕಾಣದ, ಜರಿ ಇಲ್ಲದ ತೆಳು ರೇಷ್ಮೆಯ ಒಂದು ತುಂಡು ಕೊಟ್ಟ. ದುಡ್ಡು ಮುಟ್ಟಲಿಲ್ಲ.

ರೇಷ್ಮೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಒದ್ದೆಯಾಗಿಯೇ ರೆಕ್ಕೆಯ ಮೇಲೆ ಹಾಸಬೇಕು. ನೇಯ್ಗೆಯ ಹಾಸು ರೆಕ್ಕೆಯ ಉದ್ದಕ್ಕೇ ಓಡಬೇಕು. ಇಲ್ಲದಿದ್ದರೆ ಒಣಗುವಾಗ ಸೊಟ್ಟಗೆ ಎಳೆಯುತ್ತದೆ. ಅಂಚುಗಳಿಗೆ ಲ್ಯಾಕರ್ ಹಚ್ಚಿ ಬೆರಳಿನಿಂದ ಒತ್ತುತ್ತ ಹೋದರೆ ಬಟ್ಟೆ ನೆರಿಗೆಯಿಲ್ಲದೆ ಬಾಗುಗಳಿಗೆ ಹೊಂದಿಕೊಳ್ಳುತ್ತದೆ. ಒಣಗಿದಾಗ ಬಿಗಿಯುತ್ತದೆ. ಆಮೇಲೆ ಪೀಠೋಪಕರಣಕ್ಕೆ ಪಾಲಿಶ್ ಮಾಡುವವರು ಬಳಸುವ ಎನ್‌ಸಿ ಸ್ಯಾಂಡಿಂಗ್ ಸೀಲರನ್ನು ತಿನ್ನರಿನಲ್ಲಿ ತೆಳು ಮಾಡಿ ಪದರ ಪದರವಾಗಿ ಬಳಿಯಬೇಕು. ಬಟ್ಟೆಯ ಕಣ್ಣುಗಳು ಮುಚ್ಚಿ ಗಾಳಿ ನುಸುಳದಂತಾಗುತ್ತದೆ. ಮನೆಯವಳಿಗೆ ರೇಷ್ಮೆ ಸೀರೆಯ ಪರಿಚಯವಿತ್ತು, ಎಲ್ಲಿ ಎಳೆಯಬೇಕು ಎಲ್ಲಿ ಬಿಡಬೇಕು ಎಂಬುದು ಅವಳ ಬೆರಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಲರೆಕ್ಕೆ ಅವಳದೇ ಕೆಲಸ. ಅದರ ಮೇಲೆ ಬೆರಳಿನಿಂದ ತಟ್ಟಿದರೆ ತಮಟೆಯ ಸಣ್ಣ ನಾದ ಹೊರಡುತ್ತಿತ್ತು. ಮೇಲಿನ ಬಣ್ಣ ಬೆಳ್ಳಿ. 1944ರ ಮೇಲೆ ಇಂಡಿಯಾದಲ್ಲಿ ಹಾರಿದ ಮಸ್ಕಿಟೊಗೆ ಬೇರೆ ಬಣ್ಣ ಹೊಂದುವುದಿಲ್ಲ.

ಕಿಟ್ ಮಾಡಿದವರು ಎರಡು ಸಣ್ಣ ಮೆಥನಾಲ್ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟು ನಕ್ಷೆ ಬರೆದಿದ್ದರು. ಎರಡು ಎಂಜಿನ್ನಿನ ಮಾದರಿಯಲ್ಲಿ ಒಂದು ನಿಂತರೆ, ನಡೆಯುತ್ತಿರುವ ಕಡೆಯ ಎಳೆತಕ್ಕೆ ವಿಮಾನ ತಿರುಗಿ ಸುತ್ತಿಕೊಂಡು ಬೀಳುತ್ತದೆ. ಈಗ ಆ ಭಯ ಕಡಿಮೆ. ಎರಡು ಬ್ರಶ್‌ಲೆಸ್ ಮೋಟರು, ಒಂದು ನಾಲ್ಕು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ, 2.4 ಗಿಗಾಹರ್ಟ್ಸ್ ರೇಡಿಯೊ. ಒಂದು ಮೋಟರಿನ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಅದು ಇನ್ನೊಂದರ ಎದುರು ದಿಕ್ಕಿಗೆ ತಿರುಗುತ್ತದೆ, ಅದಕ್ಕೆ ತಕ್ಕ ಪ್ರೊಪೆಲ್ಲರ್ ಹಾಕಿದರಾಯಿತು. ನಿಜವಾದ ಮಸ್ಕಿಟೊದ ಎರಡು ಮರ್ಲಿನ್‌ಗಳೂ ಒಂದೇ ಕಡೆ ತಿರುಗುತ್ತಿದ್ದುದರಿಂದ ಅದು ಓಡುವಾಗಲೇ ಪಕ್ಕಕ್ಕೆ ಎಳೆಯುತ್ತಿತ್ತು, ಪೈಲಟ್‌ಗಳು ಅದಕ್ಕೆ ಹೆದರುತ್ತಿದ್ದರು. ನಮ್ಮ ಚಿಕ್ಕದಕ್ಕೆ ಆ ಕಷ್ಟವಿಲ್ಲ. ಬೇರೆಯದು ಇದೆ: ಮಸ್ಕಿಟೊದ ಮೂತಿ ಮೋಟು. ಬ್ಯಾಟರಿಯನ್ನು ಮೂತಿಯ ತುದಿಗೇ ತಳ್ಳಿ, ಸಾಲದೆ ಒಂದಿಷ್ಟು ಸೀಸವನ್ನೂ ಇಟ್ಟ ಮೇಲೆ ತೂಕ ಸರಿಹೋಯಿತು. ರೆಕ್ಕೆಯ ಅಗಲದ ಕಾಲುಭಾಗ ದಾಟಿದ ಜಾಗದಲ್ಲಿ ಎರಡು ಬೆರಳ ಮೇಲೆ ಎತ್ತಿದಾಗ ವಿಮಾನ ಮೂತಿಯನ್ನು ಚೂರೇ ಚೂರು ಬಗ್ಗಿಸಿ ನಿಲ್ಲಬೇಕು. ಬಾಲ ಭಾರವಾದ ವಿಮಾನವನ್ನು ಯಾವ ಕೈಚಳಕವೂ ಉಳಿಸುವುದಿಲ್ಲ.

ಹಾರಿಸಲು ಜಾಗ? ನಮ್ಮ ಕಡೆ ಈಗ ಅದಕ್ಕೆ ಬರವಿಲ್ಲ, ಇದನ್ನು ಸಂತೋಷದಿಂದ ಹೇಳುತ್ತಿಲ್ಲ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಕಡೆಗೆ ದೊಡ್ಡ ರಸ್ತೆ ಬಂದ ಮೇಲೆ ರಾಗಿ ಹೊಲಗಳು ಸೈಟುಗಳಾದವು. ಟಾರು ಹಾಕಿದ ರಸ್ತೆ, ಚರಂಡಿ, ದೀಪದ ಕಂಬದ ಗುಂಡಿ ಎಲ್ಲ ಇವೆ, ಮನೆ ಒಂದೂ ಇಲ್ಲ. ಹುಲ್ಲು ಎದೆಮಟ್ಟ ಬೆಳೆದ ಅಂಥದೊಂದು ಲೇಔಟಿನ ಯಜಮಾನರು ಅನುಮತಿ ಕೊಟ್ಟರು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಒಳಗೊಳ್ಳುತ್ತವೆ. 25 ಕಿಲೋ ಮೀರದಿರಬೇಕು, ಕಲಿಕೆ ಸಂಶೋಧನೆ ಮನರಂಜನೆಗಷ್ಟೇ ಬಳಸಬೇಕು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಹಸಿರು ವಲಯದಲ್ಲಿ 400 ಅಡಿ ಎತ್ತರದ ಮಿತಿ. ಯಲಹಂಕ, ದೇವನಹಳ್ಳಿ ಎರಡೂ ಕಡೆ ದೊಡ್ಡ ವಿಮಾನಗಳು ಏರಿಳಿಯುವ ಸೀಮೆಯಲ್ಲಿ ಬದುಕುವವರು ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹೊರಡಬಾರದು. ನಾವು ನೂರೈವತ್ತು ಅಡಿ ಮೇಲೇರಿದ್ದೇ ಇಲ್ಲ.

ಗಾಳಿಯ ವಿಷಯದಲ್ಲಿ ನನ್ನ ಗುರುಗಳು ಹುಡುಗರು. ಆಷಾಢ ಬಂತೆಂದರೆ ದೊಡ್ಡಬಳ್ಳಾಪುರ ಸೀಮೆಯಲ್ಲಿ ಗಾಳಿಪಟದ ಹುಚ್ಚು. ಬಾಲಂಗೋಸಿ ಎಷ್ಟುದ್ದ ಇರಬೇಕು, ಸೂತ್ರ ಎಲ್ಲಿ ಕಟ್ಟಬೇಕು ಎಂಬುದನ್ನು ನಮ್ಮ ಮಕ್ಕಳು ಪಾಠಕ್ಕಿಂತ ಮೊದಲೇ ಕಲಿತಿರುತ್ತಾರೆ. ಗುಡ್ಡದ ಹಿಂದೆ ಗಾಳಿ ಸುಳಿಯುತ್ತದೆ, ನೀಲಗಿರಿ ತೋಪಿನ ಅಂಚಿನಲ್ಲಿ ಕೆಳಕ್ಕೆ ತಳ್ಳುತ್ತದೆ ಎಂದು ಹೇಳಿಕೊಟ್ಟವಳು ಒಂಬತ್ತನೇ ತರಗತಿ ಓದುವ ಆಚಾರ್ರ ಮೊಮ್ಮಗಳು. ಆಷಾಢದ ಗಾಳಿ ನಮ್ಮ ವಿಮಾನಕ್ಕೆ ಆಗದು. ರಾಗಿ ಕಟಾವಾಗಿ, ಸಂಜೆಯ ಗಾಳಿ ಮೂಡಲಿಂದ ಮೆಲ್ಲನೆ ಬರುವ ದಿನಗಳಿಗೆ ಕಾದೆವು. ಸೂರ್ಯ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ.

ಮೊದಲ ಹಾರಾಟದ ಸಂಜೆ ಊರಿನ ಅರ್ಧ ಮಕ್ಕಳು ಬಂದಿದ್ದರು. ಮೊಮ್ಮಗಳು ಪಟ್ಟಿ ಹಿಡಿದು ಒಂದೊಂದೇ ಕೂಗಿದಳು. ಬಲಕ್ಕೆ ಕಡ್ಡಿ ಒತ್ತಿದರೆ ಬಲರೆಕ್ಕೆಯ ಪಟ್ಟಿ ಮೇಲೇಳಬೇಕು, ಎದ್ದಿತು. ಹಿಂದಕ್ಕೆ ಎಳೆದರೆ ಬಾಲದ ಪಟ್ಟಿ ಏಳಬೇಕು, ಎದ್ದಿತು. ರೇಡಿಯೊ ಶಕ್ತಿ ಇಳಿಸಿ ದೂರ ನಡೆದು ನೋಡಿದ್ದಾಯಿತು. ಮಕ್ಕಳನ್ನೆಲ್ಲ ನನ್ನ ಬೆನ್ನ ಹಿಂದೆ ನಿಲ್ಲಿಸಿದ್ದಾಯಿತು.

ಥ್ರಾಟಲನ್ನು ನಿಧಾನವಾಗಿ ಮೇಲೆ ತಳ್ಳಿದೆ. ಮಸ್ಕಿಟೊ ಟಾರಿನ ಮೇಲೆ ನೇರ ಓಡಿತು. ಬಾಲ ಎದ್ದಿತು. ಇನ್ನೂ ಒಂದಿಷ್ಟು ಓಡಲಿ ಎಂದು ಬಿಟ್ಟೆ, ಏಕೆಂದರೆ ತುದಿಗೆ ಸಣಕಲಾಗುವ ಆ ರೆಕ್ಕೆಗೆ ವೇಗ ಸಾಲದಿದ್ದರೆ ತುದಿಯೇ ಮೊದಲು ಸೋಲುತ್ತದೆ, ವಿಮಾನ ಒಂದು ಪಕ್ಕಕ್ಕೆ ಮಗುಚುತ್ತದೆ. ಅದಕ್ಕೆಂದೇ ಕಟ್ಟುವಾಗ ರೆಕ್ಕೆಯ ತುದಿಗಳನ್ನು ತುಸು ತಿರುಚಿ, ಹಿಂದಿನ ಅಂಚು ಮೇಲಾಗುವಂತೆ ಮಾಡಿದ್ದೆವು. ಚಕ್ರ ನೆಲ ಬಿಟ್ಟದ್ದು ನನಗೆ ಕಂಡದ್ದಕ್ಕಿಂತ ಮೊದಲು ಮಕ್ಕಳ ಕೂಗಿನಿಂದ ಗೊತ್ತಾಯಿತು. ಬೆಳ್ಳಿಯ ಮೈ ಇಳಿಬಿಸಿಲನ್ನು ಹಿಡಿದು ಮೇಲೇರಿತು. ಎಡಕ್ಕೆ ತಿರುಗಿಸಿದೆ. ಎರಡು ಮೋಟರುಗಳ ಗುಂಯ್‌ಗುಟ್ಟುವಿಕೆ ಒಂದೇ ಶ್ರುತಿಗೆ ಬಂದಿತ್ತು. ದೂರದಲ್ಲಿ ಬೆಟ್ಟ, ಅದರ ಮುಂದೆ ನಮ್ಮ ವಿಮಾನ.

ಅದು ನನ್ನ ಕಡೆ ಮುಖ ಮಾಡಿ ಬರುವಾಗ ಎಡ ಬಲ ಅದಲುಬದಲಾಗುತ್ತದೆ. ಹೊಸಬರು ಎಡವುವುದು ಅಲ್ಲೇ. ಯಾವ ರೆಕ್ಕೆ ಕುಗ್ಗುತ್ತಿದೆಯೋ ಅದರ ಕೆಳಕ್ಕೆ ಕಡ್ಡಿಯನ್ನು ಆಸರೆಯಾಗಿ ಒಯ್ಯಬೇಕು ಎಂದು ಕಲಿಸುತ್ತಾರೆ. ಥರ್ಮಕೋಲ್ ವಿಮಾನಗಳಲ್ಲಿ ಕೈ ಪಳಗಿಸಿಕೊಂಡಿದ್ದರಿಂದ ಬೆರಳು ತಡವರಿಸಲಿಲ್ಲ. ಆದರೆ ಎದೆ ಹೊಡೆದುಕೊಳ್ಳುತ್ತಿದ್ದ ರೀತಿ ಬೇರೆ. ಮಾವನ ಪೆಟ್ಟಿಗೆ, ಆಚಾರ್ರ ಕಚ್ಚು, ಹಳೆಯ ವಿದ್ಯಾರ್ಥಿಯ ರೇಷ್ಮೆ, ಮನೆಯವಳ ಬೆರಳು ಇವೆಲ್ಲ ಕೂಡಿ ಮೂರು ಕಿಲೋ ತೂಕದ ಒಂದು ಜೀವವಾಗಿ ತಲೆಯ ಮೇಲೆ ಹಾದುಹೋಗುತ್ತಿತ್ತು. ಒಂದು ಹದ್ದು ಕೆಳಗಿಳಿದು ಬಂದು ಅದರ ಹಿಂದೆ ಒಂದು ಸುತ್ತು ಹೊಡೆದು, ತನ್ನ ಪಾಡಿಗೆ ಹೋಯಿತು. ಐದು ನಿಮಿಷದ ಗಡಿಯಾರ ಸದ್ದು ಮಾಡಿದಾಗ ಇಳಿಸಲು ತಿರುಗಿಸಿದೆ. ಮೋಟರನ್ನು ಪೂರ್ತಿ ನಿಲ್ಲಿಸದೆ, ಕೊನೆಯ ಗಳಿಗೆಯವರೆಗೂ ಸ್ವಲ್ಪ ಎಳೆತ ಇಟ್ಟುಕೊಂಡು, ಮುಂದಿನ ಎರಡು ಚಕ್ರಗಳ ಮೇಲೆ ಇಳಿಸಿದೆ. ಓಡಿ, ನಿಧಾನವಾಗಿ, ಬಾಲ ಇಳಿಸಿ ನಿಂತಿತು.

ಆಚಾರ್ರು ಯಾರಿಗೂ ಕಾಯದೆ ಹೋಗಿ ರೆಕ್ಕೆಯ ಬುಡದಲ್ಲಿ ಕೈ ಆಡಿಸಿ ನೋಡಿದರು. ಬಿಟ್ಟುಕೊಂಡಿರಲಿಲ್ಲ. ಆಮೇಲಷ್ಟೇ ನಕ್ಕರು.

ಆ ಚಳಿಗಾಲವೆಲ್ಲ ಹಾರಿಸಿದೆವು. ಮಕ್ಕಳು ಅದನ್ನು ಸೊಳ್ಳೆ ಎಂದೇ ಕರೆಯುತ್ತಾರೆ. ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋಗೆ ತಾಲೀಮು ನಡೆಸುವ ಜೆಟ್‌ಗಳನ್ನು ಆಗಸದಲ್ಲಿ ಕಂಡಾಗ, ಅವು ಯಾವ ಮರದ್ದು ಎಂದು ಪುಟ್ಟವನೊಬ್ಬ ಕೇಳಿದ. ನಮ್ಮ ಬೆಂಗಳೂರಿನಲ್ಲೇ ರೂಪಿಸಿ ಕಟ್ಟಿದ ಯುದ್ಧವಿಮಾನ ಒಂದಿದೆ, ಅದು ಲೋಹದ್ದು ಎಂದು ಎಚ್‌ಎಫ್-24 ಮಾರುತದ ಕಥೆ ಹೇಳಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದು ಎಚ್‌ಎಎಲ್‌ನವರೊಂದಿಗೆ ಸೇರಿ ಅದರ ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಅದು ಬೆಂಗಳೂರಿನಲ್ಲಿ ಮೊದಲು ಹಾರಿದ್ದು, 1971ರ ಯುದ್ಧದಲ್ಲಿ ದುಡಿದದ್ದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಒಂದು ಮಾರುತ ನಿಂತಿದೆ. ಆಚಾರ್ರ ಮೊಮ್ಮಗಳು ಅದನ್ನು ನೋಡಿಬಂದು, ಹಿಂದಕ್ಕೆ ಬಾಗಿದ ರೆಕ್ಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಅದಕ್ಕೆ ಎಂಜಿನ್ ಎರಡು, ಹಾಗಾಗಿ ನಾವೀಗ ಕಟ್ಟಲು ಹೊರಟಿರುವ ಮಾರುತದ ಮಾದರಿಗೂ ಒಳಗೆ ಎರಡು ಫ್ಯಾನ್ ಇರಬೇಕು ಎಂಬುದು ಅವಳ ವಾದ. ಒಂದು ಸಾಕು, ತೂಕ ಉಳಿಯುತ್ತದೆ ಎಂಬುದು ನನ್ನದು. ತಾತ ಅವಳ ಪಕ್ಷ. ಈ ಸಲ ಪೆಟ್ಟಿಗೆಯೂ ಇಲ್ಲ, ನಕ್ಷೆಯೂ ಇಲ್ಲ, ಆದ್ದರಿಂದ ಮೊದಲ ಪಕ್ಕೆಲುಬನ್ನು ಅವಳೇ ಗ್ರಾಫ್ ಕಾಗದದ ಮೇಲೆ ಬರೆಯುತ್ತಿದ್ದಾಳೆ.